ಹತ್ತೊಂಬತ್ತನೆಯ ಗುಳಿಯ ಮೀನು

ಇಂಥ ಕತೆ ಹೇಳುವವರನ್ನು ಆಡಿಕೊಳ್ಳುವುದೇ ನನ್ನ ಕಸುಬಾಗಿತ್ತು. ಕುದ್ರೋಳಿಯ ನಮ್ಮ ಮನೆಗೆ ಬರುವ ಚಿಕ್ಕಮ್ಮ ದನಿ ತಗ್ಗಿಸಿ "ನಾನೇ ಕಣ್ಣಾರೆ ಕಂಡದ್ದು" ಎಂದು ಶುರುಮಾಡಿದರೆ, ಅವರು ಹೊರಟು ಚಪ್ಪಲಿ ಮೆಟ್ಟುವುದರೊಳಗೆ ಅವರನ್ನು ಅವರಿಗಿಂತ ಚೆನ್ನಾಗಿ ಮಾಡಿ ತೋರಿಸುತ್ತಿದ್ದೆ. ಈಗ ನಾನೇ ಹೇಳಹೊರಟಿದ್ದೇನೆ. ನಗುವವರು ನಗಲಿ. ಕಳ್ಳ ಎಂದು ಮಾತ್ರ ಅನ್ನಬೇಡಿ, ಅನ್ನಿಸಿಕೊಂಡು ಸಾಕಾಗಿದೆ.

ಮೂರು ವರ್ಷದ ಹಿಂದೆ ನಾನು ನಗರದ ಒಂದು ಲ್ಯಾಬಿನಲ್ಲಿ ಸಹಾಯಕ. ಜೀಬ್ರಾ ಮೀನಿಗೆ ತಿನ್ನಲು ಹಾಕುವುದು, ತೊಟ್ಟಿ ತೊಳೆಯುವುದು, ವಿನುತಕ್ಕ ಹೇಳಿದ್ದು ಮಾಡುವುದು. ವಿನುತಕ್ಕ ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಮೀನಿನ ಭ್ರೂಣದ ಗಂಟಲಲ್ಲಿ ಥೈರಾಯ್ಡ್ ಗ್ರಂಥಿ ಮೂಡಲು ಯಾವ ಜೀನ್ ಅಪ್ಪಣೆ ಕೊಡುತ್ತದೆ ಎಂಬುದು ಅವಳ ವಿಷಯ. ಮೊಟ್ಟೆ ಇನ್ನೂ ಒಂದೇ ಜೀವಕೋಶವಾಗಿರುವಾಗ ಸೂಜಿ ಚುಚ್ಚಿ ಆ ಜೀನನ್ನು ಕೆಡಿಸಬೇಕು. ಮೂರು ದಿನ ಬೆಳೆದ ಭ್ರೂಣಕ್ಕೆ ಬಣ್ಣ ಹಿಡಿಸಿದರೆ, ಗ್ರಂಥಿ ಇದ್ದಲ್ಲಿ ನೇರಳೆ ಚುಕ್ಕೆ ಕಾಣುತ್ತದೆ. ಇಲ್ಲದಿದ್ದರೆ ಏನೂ ಇಲ್ಲ. ಅದು ಅವಳ ಕೊನೆಯ ಪ್ರಯೋಗ. ತಿಂಗಳೊಳಗೆ ಪ್ರಬಂಧ ಒಪ್ಪಿಸದಿದ್ದರೆ ಅವಳಿಗಾಗಿ ಕಾದಿದ್ದ ಕಾಲೇಜಿನ ಕೆಲಸ ಕೈತಪ್ಪುತ್ತಿತ್ತು.

ಎಣಿಸುವವನು ನಾನು. ಯಾವುದು ಚುಚ್ಚಿದ ಮೀನು ಎಂದು ಎಣಿಸುವವನಿಗೆ ತಿಳಿಯಬಾರದು. ತಿಳಿದರೆ ಕಣ್ಣು ಬೇಕಾದ್ದನ್ನೇ ಕಾಣುತ್ತದೆ. ಹಾಗಾಗಿ ವಿನುತಕ್ಕ ಚುಚ್ಚಿದ್ದು, ಚುಚ್ಚದ್ದು ಎರಡನ್ನೂ ಹಿಂದುಮುಂದು ಮಾಡಿ, ಇಪ್ಪತ್ತನಾಲ್ಕು ಗುಳಿಯ ತಟ್ಟೆಯಲ್ಲಿ ಒಂದೊಂದಾಗಿ ಹಾಕಿ, ಯಾವ ಗುಳಿಯಲ್ಲಿ ಯಾವುದು ಎಂಬ ಪಟ್ಟಿಯನ್ನು ಬ್ಯಾಗಿನಲ್ಲಿಟ್ಟುಕೊಂಡಳು.

ಬಣ್ಣ ಹಾಕುವ ಮೊದಲು ಅವಳ ಮುಖ ಸಪ್ಪಗಿತ್ತು. ನಗಿಸೋಣವೆಂದು ನಾನು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನಮ್ಮ ಗೈಡ್ ಮೇಡಂ ಆದೆ, ಬಣ್ಣವೇ ಇಲ್ಲದ ಗುಳಿಗಳಲ್ಲಿ ಗ್ರಂಥಿ ಎಣಿಸತೊಡಗಿದೆ. "ಒಂದು, ಉಂಟು. ಎರಡು, ಇಲ್ಲ. ಮೂರು, ಇಲ್ಲ, ಹುಡುಕಿ ಟೈಮ್ ವೇಸ್ಟ್ ಮಾಡ್ಬೇಡಿ!"

"ಸಾಕು ಮಾರಾಯ, ಹೊಟ್ಟೆ ನೋಯ್ತದೆ" ಎನ್ನುತ್ತಲೇ ವಿನುತಕ್ಕ ಇಪ್ಪತ್ತನಾಲ್ಕನ್ನೂ ಬರೆದುಕೊಂಡಳು. ಎಲ್ಲಿ? ಕೈಗೆ ಸಿಕ್ಕಿದ ಲ್ಯಾಬ್ ನೋಟ್‌ಬುಕ್ಕಿನಲ್ಲಿ, ಪೆನ್ನಿನಲ್ಲಿ, ತಾರೀಕು ಸಮೇತ. ಅದರ ಹಾಳೆ ಹರಿಯುವಂತಿಲ್ಲ.

ಬಣ್ಣ ಬಂದ ದಿನ ಇಬ್ಬರೂ ಸೂಕ್ಷ್ಮದರ್ಶಕದ ಮುಂದೆ ಕೂತೆವು. ಹತ್ತನೆಯ ಗುಳಿಯವರೆಗೆ ನಕ್ಕೆವು. ಆಮೇಲೆ ನಗು ಬರಲಿಲ್ಲ. ಇಪ್ಪತ್ತನಾಲ್ಕೂ ನಾನು ಹೇಳಿದಂತೆಯೇ ಇದ್ದವು. ಪಟ್ಟಿ ತೆಗೆದರೆ, ಹತ್ತೊಂಬತ್ತನೆಯದು ಚುಚ್ಚದ ಮೀನು! ಅದಕ್ಕೆ ಗ್ರಂಥಿ ಇರಲೇಬೇಕಿತ್ತು. ಇರಲಿಲ್ಲ. ಇಲ್ಲವೆಂದೇ ನಾನು ಹೇಳಿದ್ದೆ.

ಮೇಡಂ ಪುಟ ನೋಡಿದರು. "ಬಣ್ಣ ಬಂದ ಮೇಲೆ ಬರ್ದು ಹಿಂದಿನ ತಾರೀಕು ಹಾಕಿದ್ದೀರಿ, ಅಲ್ವಾ?"

"ಇಲ್ಲ ಮೇಡಂ, ಅದು ತಮಾಷೆಗೆ…"

"ಎಂತ ತಮಾಷೆ? ಮಾಡಿ ತೋರಿಸು."

ಅವರ ಎದುರು ಅವರನ್ನೇ ಹೇಗೆ ಮಾಡಲಿ? ಬಾಯಿ ಮುಚ್ಚಿಕೊಂಡೆ. ಅದೇ ಒಪ್ಪಿಗೆಯಾಯಿತು. ಪುಟದ ಮೇಲೆ ಅಡ್ಡಗೆರೆ ಎಳೆದು, ಎಲ್ಲವನ್ನೂ ಮೊಟ್ಟೆಯಿಂದ ಮತ್ತೆ ಶುರುಮಾಡಿ ಎಂದರು. ತಮಾಷೆ ಮಾಡಿದ್ದು ನಾನು, ನನ್ನನ್ನು ಓಡಿಸಲಿ. ಆ ಮೀನುಗಳು ಏನು ಸುಳ್ಳು ಹೇಳಿದ್ದವು? ಎರಡನೆಯ ಸಲದ ತಟ್ಟೆಗೆ ಬಣ್ಣ ಹಾಕುವ ಮೊದಲು ಮೇಡಂ ಅದನ್ನು ನನ್ನ ಮುಂದೆ ಹಿಡಿದು "ಈಗ ಹೇಳು" ಎಂದರು. ಹೇಳಿದೆ. ಅರ್ಧಕ್ಕರ್ಧ ತಪ್ಪಾಯಿತು. "ಗೊತ್ತಾಯ್ತಲ್ಲ?" ಎಂದರು. ಸರಿಯಾದರೆ ಕಳ್ಳ, ತಪ್ಪಾದರೂ ಕಳ್ಳ! ಇದೆಂಥ ಪರೀಕ್ಷೆ, ನೀವೇ ಹೇಳಿ.

ಅಷ್ಟರಲ್ಲಿ ಗಡುವು ಮುಗಿದಿತ್ತು. ಕಾಲೇಜಿನವರು ಬೇರೆಯವರನ್ನು ತೆಗೆದುಕೊಂಡರು. ಅದು ತಿಳಿದ ಸಂಜೆ ಬಿಕರ್ನಕಟ್ಟೆಯ ಬಸ್‌ಸ್ಟಾಪಿನಲ್ಲಿ ವಿನುತಕ್ಕ ನನ್ನತ್ತ ನೋಡದೆ ಕೇಳಿದಳು, "ನನ್ನ ಬ್ಯಾಗಿಂದ ಪಟ್ಟಿ ನೋಡಿದ್ಯಾ?"

"ನೋಡಿದ್ರೆ ಹತ್ತೊಂಬತ್ತನೆಯದಕ್ಕೆ ಉಂಟು ಅಂತಿದ್ದೆ, ಅದು ತಪ್ಪಾಗ್ಬೇಕಿತ್ತಲ್ಲ ಅಕ್ಕ!"

"ಅದು ಗೊತ್ತುಂಟು. ಆದ್ರೂ ನೋಡಿದ್ದೇನೆ ಅಂತ ಹೇಳು ಮಾರಾಯ. ಕೆಲಸ ಹೋದದ್ದು ಹೋಯ್ತು. ರಾತ್ರಿ ನಿದ್ದೆಯಾದ್ರೂ ಬರ್ತದೆ."

ನಾನು ಹೇಳಲಿಲ್ಲ. ಕುಲಶೇಖರದ ಬಸ್ ಬಂತು, ಅವಳು ಹತ್ತಿದಳು. ಮಾಡದ ಕಳ್ಳತನವನ್ನು ಇವತ್ತಿಗೂ ಒಪ್ಪಿಲ್ಲ. ಅವಳಿಗೆ ಕೊಡಲು ಬೇರೆ ಉತ್ತರವೂ ನನ್ನ ಹತ್ತಿರ ಇಲ್ಲ.