ನಂಗೊಂದ್ ಚೆಂಬ್, ಮಿಷನಿಗೊಂದ್ ಕೆರೆ

ನಮ್ಮ ಮನೆಯಲ್ಲಿ ನೀರಿಗೆ ಒಂದೇ ಜನ್ಮದಲ್ಲಿ ಮುಕ್ತಿ ಸಿಗುತ್ತಿರಲಿಲ್ಲ. ಅಕ್ಕಿ ತೊಳೆದ ನೀರು ಅಕ್ಕಚ್ಚಾಗಿ ದನದ ಬಾಯಿಗೆ ಹೋಗಬೇಕು. ಮೀನು ತೊಳೆದದ್ದು ಕರಿಬೇವಿನ ಬುಡಕ್ಕೆ, ಪಾತ್ರೆ ತೊಳೆದದ್ದು ಬಾಳೆಗೆ. ನಾವು ಮಿಂದ ನೀರು ಬಚ್ಚಲ ಗೋಡೆಯ ತೂತಿನಿಂದ ಹೊರಬಿದ್ದು, ಚಿಕ್ಕ ಕಾಲುವೆಯಲ್ಲಿ ಹರಿದು ಬಸಳೆ ಚಪ್ಪರದ ಬುಡ ಸೇರಬೇಕು. ಒಂದು ಹನಿ ದಾರಿ ತಪ್ಪಿ ಅಂಗಳದ ಕಡೆ ಹೋದರೂ ದೊಡ್ಡಮ್ಮ ಅದರ ಕಿವಿ ಹಿಡಿದು ವಾಪಸು ಕರೆತರುತ್ತಿದ್ದಳು. ಬಚ್ಚಲಲ್ಲಿ ಸೋಪಿನ ಪುಡಿ ನಿಷೇಧ. ಬಸಳೆಗೆ ಆಗುವುದಿಲ್ಲವಂತೆ. ಹಾಗಾಗಿ ನನ್ನ ತಲೆಗೆ ಶಾಂಪೂ ಇಲ್ಲ, ಅಂಟುವಾಳದ ನೊರೆ. ಕಾಲೇಜಿನಲ್ಲಿ ಗೆಳತಿಯರು ನನ್ನ ಕೂದಲು ಮುಟ್ಟಿ 'ಎಂತ ಹಚ್ತೆ ಮಾರಾಯ್ತಿ' ಅಂದರೆ, 'ಮುಂಬಯಿಯಿಂದ ಬಪ್ಪುದ್, ಇಲ್ಲಿ ಸಿಕ್ಕುದಿಲ್ಲ' ಅನ್ನುತ್ತಿದ್ದೆ.

ಮುಂಬಯಿಯಲ್ಲಿ ಇದ್ದದ್ದು ನನ್ನ ಅಪ್ಪ ಅಮ್ಮ. ಅಲ್ಲಿ ಒಂದು ಕ್ಯಾಂಟೀನು ನಡೆಸುತ್ತಿದ್ದರು. ಅವರ ಖೋಲಿಯಲ್ಲಿ ನಾನು ಕೈ ಚಾಚಿದರೆ ಗೋಡೆ, ಕಾಲು ಚಾಚಿದರೆ ಪಕ್ಕದ ಮನೆಯವರು. ಆದ್ದರಿಂದ ಹೈಸ್ಕೂಲಿಗೆ ಬರುವಾಗಲೇ ನನ್ನನ್ನು ಹೆಮ್ಮಾಡಿಗೆ, ಅಪ್ಪನ ಅಣ್ಣನ ಮನೆಗೆ ತಂದು ಬಿಟ್ಟರು. ದೊಡ್ಡಪ್ಪ ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ. ನಾನು ಬಂದ ಮೇಲೆ ಮಕ್ಕಳು ಬೇಕು ಅನ್ನುವ ಆಸೆಯೂ ಹೋಯಿತು ಅಂತ ದೊಡ್ಡಪ್ಪ ಎಲ್ಲರಿಗೂ ಹೇಳುತ್ತಿದ್ದರು.

ದೊಡ್ಡಪ್ಪ ಮೀಯಲು ಹೋದರೆ ದೊಡ್ಡಮ್ಮನ ಒಂದು ಕಿವಿ ಬಚ್ಚಲಲ್ಲೇ ಇರುತ್ತಿತ್ತು. ಚೆಂಬು ಹಂಡೆಗೆ ತಾಗುವ ಸದ್ದು ಸ್ವಲ್ಪ ಹೆಚ್ಚಾದರೆ ಅಡುಗೆಮನೆಯಿಂದಲೇ ಕೇಳುತ್ತಿದ್ದಳು.

"ಹ್ವಾಯ್, ಮೀವುದ್ ನೀವೊಬ್ರೇಯಾ, ಒಟ್ಟಿಗ್ ಕೋಣವೂ ಇತ್ತಾ?"

"ಇಲ್ಲಿಪ್ಪುದ್ ಕೋಣ ಮಾತ್ರ. ಎಮ್ಮಿ ಅಡ್ಗಿ ಮನಿಯಂಗ್ ಇತ್ತ್" ಅಂತ ಒಳಗಿನಿಂದ ಉತ್ತರ.

ಇಂಥ ದೊಡ್ಡಮ್ಮನಿಗೆ, ಊರಿನ ಎಲ್ಲರನ್ನೂ ಬಿಟ್ಟು, ಕಿಡ್ನಿ ಹಾಳಾಯಿತು.

ನಾನಾಗ ಮೊದಲ ಪಿಯುಸಿ. ಕಾಲು ಬಾತದ್ದು ಇಳಿಯಲಿಲ್ಲ ಅಂತ ಕುಂದಾಪುರಕ್ಕೆ ಕರೆದುಕೊಂಡು ಹೋದೆವು. ಪರೀಕ್ಷೆ ಎಲ್ಲ ಆದ ಮೇಲೆ ಡಾಕ್ಟರು ಎರಡು ಮಾತು ಹೇಳಿದರು. ವಾರಕ್ಕೆ ಎರಡು ಸಲ ಬಂದು ಮಿಷನ್ನಿನಲ್ಲಿ ರಕ್ತ ತೊಳೆಸಿಕೊಳ್ಳಬೇಕು, ತಪ್ಪಿಸಿದರೆ ಜೀವಕ್ಕೆ ಅಪಾಯ. ಇನ್ನು ಮೇಲೆ ದಿನಕ್ಕೆ ಒಂದು ಸಣ್ಣ ಚೆಂಬು ನೀರು, ಅದರಲ್ಲೇ ಚಾ, ಗಂಜಿ ತಿಳಿ ಎಲ್ಲ. ಎಳನೀರು ಇಲ್ಲ, ಬಾಳೆಹಣ್ಣು ಇಲ್ಲ, ಬಸಳೆ ಇಲ್ಲ.

ನೀರಿನ ಮಾತನ್ನು ದೊಡ್ಡಮ್ಮ ಒಪ್ಪಿಕೊಂಡಳು. ಬಸಳೆ ಇಲ್ಲ ಅಂದದ್ದಕ್ಕೆ ಮಾತ್ರ ಬೇಸರವಾಯಿತು. ಮನೆಗೆ ಬಂದವಳು ಚಪ್ಪರದ ಕೆಳಗೆ ನಿಂತಳು.

"ನಾ ಮಿಂದ ನೀರ್ ಕುಡ್ದ್ ಬೆಳದ್ದ್ ಇದ್. ನಾ ತಿಂಬುಕಾಗವಾ?"

"ಅದಕ್ಕೇ ಆಗ ಅಂದಿಪ್ಪುದ್" ಅಂದೆ. "ನಿನ್ ಕೊಳಿ ಎಲ್ಲ ಅದ್ರಗೇ ಇತ್ತಲೆ."

ಅವಳು ನಕ್ಕಳು. ನಗಿಸುವುದು ಆಗ ನನಗೆ ಉಸಿರಾಡಿದಷ್ಟು ಸುಲಭ.

ಬಾಯಾರಿಕೆ ಹೇಗಿರುತ್ತದೆ ಅಂತ ನಾನು ನೋಡಿದ್ದು ಅವಳ ತುಟಿಯಲ್ಲಿ. ಒಣಗಿ ಬಿರಿದಿರುತ್ತಿತ್ತು. ತಡೆಯಲಾರದಾದಾಗ ಒಂದು ಗುಟುಕು ಬಾಯಿಗೆ ಹಾಕಿ, ಬಾಯಿಯೊಳಗೆಲ್ಲ ಸುತ್ತಾಡಿಸಿ, ನುಂಗದೆ ಉಗಿಯುತ್ತಿದ್ದಳು. ಉಗಿಯುವುದೂ ಸೀದಾ ಬಸಳೆ ಬುಡಕ್ಕೇ, ಅಂಗಳಕ್ಕಲ್ಲ.

ಎರಡನೆಯ ವಾರವೋ ಮೂರನೆಯ ವಾರವೋ, ಮಿಷನ್ನಿನ ಪಕ್ಕ ಮಲಗಿದ್ದ ದೊಡ್ಡಮ್ಮನ ಕಣ್ಣಿಗೆ ಗೋಡೆಯ ಬದಿಯ ಪೈಪು ಬಿತ್ತು. ಮಿಷನ್ ನೋಡಿಕೊಳ್ಳುವ ಹುಡುಗನನ್ನು ಕರೆದಳು. ಅವನೂ ನಮ್ಮ ಕಡೆಯವನೇ, ಬೈಂದೂರಿನವನು.

"ಮಗಾ, ಆ ನೀರ್ ಎಲ್ಲಿಗ್ ಹೋತ್ತ್?"

"ಚರಂಡಿಗ್ ಅಮ್ಮ."

"ಎಲ್ಲವಾ?"

"ಎಲ್ಲ. ಮಿಷನಿಗೆ ಶುದ್ಧ ನೀರ್ ಬೇಕ್. ಬಾವಿ ನೀರ್ ಶುದ್ಧ ಮಾಡುವತಿಗೆ ಸುಮಾರ್ ನೀರ್ ಉಳಿತ್ತ್. ಅದ್ ಹೊರ್ಗ್ ಬಿಡುದೇ."

"ನಂಗೊಬ್ಳಿಗ್ ಎಷ್ಟ್ ಹಿಡಿತ್ತ್?"

ಅವನು ಕೈಯನ್ನು ಸೊಂಟದಿಂದ ಮೇಲಕ್ಕೆತ್ತಿ ಒಂದು ಡ್ರಮ್ಮು ತೋರಿಸಿದ. ಆಮೇಲೆ ಯೋಚಿಸಿ ಪಕ್ಕದಲ್ಲಿ ಇನ್ನೊಂದು ಡ್ರಮ್ಮು ತೋರಿಸಿದ. ಸುಮ್ಮನೆ ಒಂದು ಅಂತ ಹೇಳಿದ್ದರೆ ನಮಗೆ ಅಷ್ಟು ತಲೆಬಿಸಿ ಆಗುತ್ತಿರಲಿಲ್ಲ.

ವಾಪಸು ಬಂದ ದೊಡ್ಡಮ್ಮ ಮನೆ ಮೆಟ್ಟಿಲ ಮೇಲೆ ಕೂತು ಹೇಳಿದಳು. "ನಂಗೊಂದ್ ಚೆಂಬ್. ಮಿಷನಿಗೊಂದ್ ಕೆರೆ. ಇಷ್ಟ್ ನೀರ್ ದಂಡ ಮಾಡಿ ನಾ ಬದ್ಕುದ್ ಬ್ಯಾಡ. ಇನ್ನ್ ನಾ ಬತ್ತಿಲ್ಲೆ."

ನಾವು ತಮಾಷೆ ಅಂದುಕೊಂಡೆವು. ಮುಂದಿನ ಸಲ ಹೊರಡುವ ದಿನ ಅವಳು ಹೊರಗೆ ಹೋಗುವಾಗಿನ ಸೀರೆಯನ್ನೇ ಉಡಲಿಲ್ಲ. ದೊಡ್ಡಪ್ಪ ಬೈದರು, ಕೈ ಮುಗಿದರು, ಊಟ ಮಾಡುವುದಿಲ್ಲ ಅಂತ ಹೆದರಿಸಿದರು. ಹೆದರಿಸಿದ ಮೇಲೆ ಮೀನು ಸಾರಿನ ಪರಿಮಳಕ್ಕೆ ಸೋತು ಉಂಡೂಬಿಟ್ಟರು. ಮರುದಿನ ದೊಡ್ಡಮ್ಮನ ಮುಖ ಬಾತು ಕಣ್ಣು ಗೆರೆಯಷ್ಟಾಯಿತು. ಮಲಗಿದರೆ ಉಸಿರು ಕಟ್ಟುತ್ತದೆ ಅಂತ ಗೋಡೆಗೆ ಒರಗಿಯೇ ಕೂತಿದ್ದಳು. ದೊಡ್ಡಪ್ಪ ಅವಳ ಎದುರು ಕುಕ್ಕರಗಾಲಲ್ಲಿ ಕೂತರು.

"ಹಾಂಗಾರೆ ಆ ನೀರ್ ಮನಿಗ್ ತಕಂಬಪ್ಪ. ಬತ್ಯಾ?"

ದೊಡ್ಡಮ್ಮ ಗೋಡೆಯಿಂದ ಬೆನ್ನು ಬಿಡಿಸಿದಳು. "ಕೊಡ್ತ್ರಾ ಅವ್ರ್?"

ಕೊಟ್ಟರು. ಬೈಂದೂರಿನ ಹುಡುಗ ಮೊದಲು ನಕ್ಕ, ಮತ್ತೆ ಯಾರನ್ನೋ ಕೇಳಿ ಬಂದ. ಶುದ್ಧ ಮಾಡುವಾಗ ಉಳಿದ ನೀರು ಒಯ್ಯಬಹುದು, ಮಿಷನ್ನಿನಿಂದ ಹೊರಬಂದದ್ದು ಮುಟ್ಟಬಾರದು ಅಂದ. ಎರಡು ಡ್ರಮ್ಮು ಹೊರುವವರಿಲ್ಲ, ಎರಡು ಕ್ಯಾನಿಗೆ ದೊಡ್ಡಮ್ಮ ಒಪ್ಪಿದಳು. ಅಂದಿನಿಂದ ಅವಳ ಜೀವ ಆ ಎರಡು ಕ್ಯಾನಿನಲ್ಲಿತ್ತು, ಕ್ಯಾನು ನನ್ನ ಎರಡು ಕೈಯಲ್ಲಿತ್ತು. ನೀರು ಬಂದರೆ ಅವಳು ಬರುತ್ತಾಳೆ, ಇಲ್ಲದಿದ್ದರೆ ಇಲ್ಲ. ನನ್ನ ತೋಳುಗಳು ನೆಲಕ್ಕೆ ತಾಗುವಷ್ಟು ಉದ್ದವಾದವು. ನಂಬದವರು ನನ್ನ ಹಳೆಯ ಅಂಗಿ ನೋಡಬಹುದು.

ಬಸ್ಸಿನಲ್ಲಿ ಕಂಡಕ್ಟರಿಗೆ ಅನುಮಾನ. "ಎಂತ ಹೆಣ್ಣೆ ಅದ್ರಗೆ? ಸೀಮೆಎಣ್ಣಿಯಾ?"

"ನೀರ್."

"ಕುಂದಾಪ್ರದಿಂದ ಹೆಮ್ಮಾಡಿಗ್ ನೀರಾ? ಹೆಮ್ಮಾಡಿಯಂಗ್ ಬಾವಿ ಎಲ್ಲ ಮುಚ್ಚಿರಾ?"

ನಾಲಿಗೆ ಸುಮ್ಮನಿರಬೇಕಲ್ಲ. "ಇದ್ ಸಾದಾ ನೀರಲ್ಲ, ತೀರ್ಥ" ಅಂದೆ. ಪಕ್ಕದ ಸೀಟಿನ ಅಜ್ಜಿಯೊಬ್ಬರು ತಕ್ಷಣ ಸೆರಗು ಸರಿ ಮಾಡಿಕೊಂಡು ಅಂಗೈ ಚಾಚಿದರು. ಮುಂದಿನ ಸೀಟಿನಿಂದ ದೊಡ್ಡಮ್ಮ ತಿರುಗಿದಳು.

"ಕುಡಿಬೇಡಿ ಅಮ್ಮ, ಅದ್ ಆಸ್ಪತ್ರಿ ನೀರ್. ಈ ಹೆಣ್ಣಿನ್ ಬಾಯಿಗ್ ಬಾಗ್ಲಿಲ್ಲ."

ಅಜ್ಜಿ ಕೈ ಹಿಂದೆ ತೆಗೆದುಕೊಳ್ಳಲಿಲ್ಲ. "ಕಣ್ಣಿಗ್ ಒತ್ಕಂಡ್ರೆ ಎಂತ ಆತಿಲ್ಲ ಅಲ್ದಾ?"

ಇಡೀ ಬಸ್ಸು ನಕ್ಕಿತು. ಡ್ರೈವರು ನಗುತ್ತಾ ಬಸ್ಸನ್ನು ಹೊಳೆಗೇ ಇಳಿಸುತ್ತಾನೇನೋ ಅನ್ನಿಸಿತು. ಆಗಷ್ಟೇ ಸೇತುವೆ ಬಂದಿತ್ತು. ಎರಡೂ ಬದಿ ಕಣ್ಣು ಹಾಯುವಷ್ಟು ನೀರು. ದೊಡ್ಡಮ್ಮ ಕಿಟಕಿಯ ಸರಳಿಗೆ ಕೆನ್ನೆ ಕೊಟ್ಟು ನೋಡುತ್ತಿದ್ದಳು, ನಾಲಿಗೆಯಿಂದ ತುಟಿ ಸವರಿಕೊಳ್ಳುತ್ತಾ.

"ಎಂತ ಕಾಂತೆ?" ಅಂದೆ.

"ಹೊಳಿ. ಕಾಂಬುಕಾಗ ಅಂತ ಡಾಕ್ಟ್ರ್ ಹೇಳ್ಲಿಲ್ಲಲೆ."

ಬೇಸಿಗೆಯಲ್ಲಿ ಬಾವಿ ತಳ ಕಂಡಾಗ ಆ ಕ್ಯಾನಿನ ನೀರಿನಲ್ಲೇ ಬಸಳೆ ಉಳಿಯಿತು. ಅವಳು ಕೊಯ್ದು ನೆರೆಮನೆಗಳಿಗೆ ಕೊಡುತ್ತಿದ್ದಳು. ದೊಡ್ಡಪ್ಪನೂ ನಾನೂ ತಿನ್ನಲಿಲ್ಲ. ತಿನ್ನಬಾರದು ಅಂತ ಯಾರೂ ನಮಗೆ ಹೇಳಿರಲಿಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ಅವಳು ಮಿಷನ್ನಿನಲ್ಲಿ ಎರಡೆರಡು ಸಲ ಎಚ್ಚರ ತಪ್ಪಿದಳು. ಒಂದು ದಿನ ಡಾಕ್ಟರು ದೊಡ್ಡಪ್ಪನನ್ನೂ ನನ್ನನ್ನೂ ಹೊರಗೆ ಕರೆದು, ಹೃದಯ ತಡೆಯುವುದಿಲ್ಲ, ಇನ್ನು ಮಿಷನ್ ಬೇಡ, ಮನೆಗೆ ಕರೆದುಕೊಂಡು ಹೋಗಿ ಅಂದರು.

ದೊಡ್ಡಪ್ಪ ಒಂದೇ ಕೇಳಿದರು. "ನೀರ್?"

"ಇನ್ನು ಕೇಳಿದಷ್ಟು ಕೊಡಿ."

ನನ್ನ ತಲೆಯಲ್ಲಿ ಉಳಿದದ್ದು ಮಿಷನ್ ಬೇಡ, ನೀರು ಕೊಡಿ ಅನ್ನುವ ಎರಡೇ ಮಾತು. ದೊಡ್ಡಮ್ಮನಿಗೆ ಗುಣ ಆಗಿರಬೇಕು, ಅದಕ್ಕೇ ಮಿಷನ್ ಬೇಡ ಅಂದಿದ್ದಾರೆ ಅಂದುಕೊಂಡೆ. ಎಲ್ಲರಿಗಿಂತ ಮೊದಲು ನಾನೇ ಹೇಳಬೇಕು ಅಂತ ಒಳಗೆ ಓಡಿದೆ.

"ದೊಡ್ಡಮ್ಮ, ನೀರ್ ಬಿಟ್ರ್. ಕೇಂಡಷ್ಟ್ ಕೊಡುಕೆ ಹೇಳಿರ್."

"ಹೌದಾ ಮಗಾ? ಕೇಂಡಷ್ಟಾ?"

"ಹೂಂ. ಕೊಡಪಾನ ಬೇಕಾರೂ ಕುಡಿ."

ಅವಳು ನನ್ನ ಹೆಗಲ ಮೇಲಿಂದ ಬಾಗಿಲ ಕಡೆ ನೋಡಿದಳು. ದೊಡ್ಡಪ್ಪ ಅಲ್ಲಿ ಬಗ್ಗಿ ಚಪ್ಪಲಿ ಹುಡುಕುತ್ತಿದ್ದರು. ಚಪ್ಪಲಿ ಅವರ ಕಾಲಲ್ಲೇ ಇತ್ತು. ದೊಡ್ಡಮ್ಮ ನನ್ನ ಕೆನ್ನೆ ಸವರಿ, "ಒಳ್ಳೇದಾಯ್ತ್ ಬಿಡ್" ಅಂದಳು. ಆಗ ನನಗೆ ಗೊತ್ತಾಯಿತು.

ಮನೆಗೆ ಬಂದ ಕೂಡಲೇ ದೊಡ್ಡಪ್ಪ ತಾವೇ ಬಾವಿಗೆ ಹೋಗಿ ಹೊಸ ನೀರು ಸೇದಿ ತಂದರು. ಚೆಂಬಿನ ಕಂಠದವರೆಗೆ ತುಂಬಿಸಿ ಹಿಡಿದರು. ಅವಳು ಎರಡು ಗುಟುಕು ಕುಡಿದಳು. ಮೂರನೆಯದು ಕಟಬಾಯಿಯಿಂದ ಹೊರಗೆ ಬಂತು.

"ಸಾಕ್."

"ಇನ್ನೊಂಚೂರ್ ಕುಡಿ."

"ಹೋತಿಲ್ಲೆ. ಸಾಕ್."

ತಮಾಷೆ ಹೇಳುವುದು ಬಿಟ್ಟು ನಾನು ಅವಳ ಸೆರಗಿನಿಂದ ಕಟಬಾಯಿ ಒರೆಸಿದೆ.

ದೊಡ್ಡಪ್ಪ ಯಾರ ಎಂಜಲನ್ನೂ ಮುಟ್ಟಿದವರಲ್ಲ. ಚೆಂಬು ಎತ್ತಿ ಕುಡಿಯದೆ ಕಚ್ಚಿ ಕುಡಿದರೆ ಸ್ವಂತ ತಮ್ಮನಿಗೂ ಬೈಯುವ ಮನುಷ್ಯ. ಅವರು ಆ ಚೆಂಬನ್ನು ತಿರುಗಿಸಿ, ಅವಳ ತುಟಿ ತಾಗಿದ ಕಡೆಗೇ ಬಾಯಿಟ್ಟು, ಉಳಿದ ನೀರನ್ನು ತಳ ಕಾಣುವವರೆಗೆ ಕುಡಿದರು. ದೊಡ್ಡಮ್ಮ ದಿಂಬಿಗೆ ತಲೆ ಕೊಟ್ಟು, ಮುಗಿಯುವವರೆಗೂ ನೋಡುತ್ತಾ ಇದ್ದಳು.