ಜಗಲಿಯ ಮೇಲಿನ ಚಂದ್ರಿಕೆ

ಯಳಂದೂರಿನ ಬಸ್ಸು ಬಾರದೇ ಇರಬಹುದಿತ್ತು. ಬಂದರೂ ಅದರಲ್ಲಿ ತಂಗಿಯನ್ನು ನೋಡಲು ಬರುವ ಗಂಡಿನ ಕಡೆಯವರು ಇಲ್ಲದಿರಬಹುದಿತ್ತು. ಇದ್ದರೂ ಇಳಿಯುವಾಗ ಗಂಡಿನ ಅಪ್ಪನ ಪಂಚೆ ಬಸ್ಸಿನ ಮೊಳೆಗೆ ಸಿಕ್ಕಿ ಹರಿದು, ಆ ಕೋಪವನ್ನೆಲ್ಲ ಹೊತ್ತುಕೊಂಡು ಅವರು ನಮ್ಮ ಮನೆಗೆ ಬರಬಹುದಿತ್ತು. ಹಾಲು ಒಡೆಯಬಹುದಿತ್ತು. ಹಲ್ಲಿ ಲೊಚಗುಟ್ಟಬಹುದಿತ್ತು, ಇಲ್ಲವೇ ಲೊಚಗುಟ್ಟುವ ಕಷ್ಟವೇಕೆಂದು ನೇರವಾಗಿ ಕಾಫಿ ಲೋಟಕ್ಕೇ ಬೀಳಬಹುದಿತ್ತು. ತಂಗಿ ಸೀನಬಹುದಿತ್ತು, ಅದೂ ಒಂಟಿ ಸೀನು. ಅದನ್ನು ಜೋಡಿ ಮಾಡಲು ನಾನು ಮೂಗಿಗೆ ನಶ್ಯ ಏರಿಸಿ, ಒಂದರ ಬದಲು ಎರಡು ಸೀನಿ, ಲೆಕ್ಕ ಮತ್ತೆ ಮೂರಾಗಬಹುದಿತ್ತು. ಗೋಡೆಗೆ ಹೊಡೆದ ಹದಿನೇಳು ಮೊಳೆಗಳಲ್ಲಿ ಒಂದು ಕಿತ್ತು ಬಂದು, ಅಜ್ಜನ ಕಾಲದ ಹಿತ್ತಾಳೆ ಸೇರು ಗಂಡಿನ ನೆತ್ತಿಯ ಮೇಲೆ ಇಳಿಯಬಹುದಿತ್ತು. ಹಳೇ ಸಾಮಾನಿನ ಅಂಗಡಿಯಿಂದ ತಂದ ಗಡಿಯಾರ ಮಧ್ಯಾಹ್ನ ಮೂರಕ್ಕೆ ಹನ್ನೊಂದು ಬಾರಿಸಬಹುದಿತ್ತು. ಅದು ಹಾಗೆ ಬಾರಿಸುವುದೇ ರೂಢಿಯಾದ್ದರಿಂದ ಇದನ್ನು 'ಬಹುದಿತ್ತು' ಎನ್ನುವುದೂ ತಪ್ಪೇ.

ಇವನ್ನೆಲ್ಲ ನಾನು ಆವತ್ತು ಬೆಳಗ್ಗೆ ಕಚೇರಿಯ ರದ್ದಿ ಹಾಳೆಯ ಬೆನ್ನಿಗೆ ಬರೆದಿಟ್ಟಿದ್ದೆ. ಒಟ್ಟು ಇಪ್ಪತ್ತೆರಡು ಬಾಬತ್ತು. ಬರೆದಿಟ್ಟದ್ದು ನಡೆಯುವುದಿಲ್ಲ ಎಂಬುದು ನನ್ನ ನಂಬಿಕೆ. ಕೊಳ್ಳೇಗಾಲ ಮದ್ರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದಾಗಲೂ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನಾನು ಹೀಗೇ ಒಂದು ಪಟ್ಟಿ ಮಾಡಿದ್ದೆ. ನಾಲ್ಕು ಹಾಳೆ ತುಂಬಿತ್ತು. ಕೊನೆಗೆ ನನ್ನ ಪಾಲಿಗೆ ಬದಲಾದದ್ದು ರಬ್ಬರ್ ಮೊಹರು ಒಂದೇ.

ಹದಿನೇಳು ಮೊಳೆಗೆ ಕಾರಣ ಹೇಳಬೇಕು. ಅಪ್ಪ ತೀರಿಹೋಗಿ, ಕೊಳ್ಳೇಗಾಲದ ಮನೆಯಲ್ಲಿ ಅವ್ವ, ತಂಗಿ, ನಾನು, ಮೂವರೇ ಇದ್ದೆವು. ಯಳಂದೂರಿನವರು ಬರುವುದಕ್ಕೆ ಮೂರು ತಿಂಗಳ ಹಿಂದೆ ಕಾಮಗೆರೆಯ ಕಡೆಯವರೊಬ್ಬರು ತಂಗಿಯನ್ನು ನೋಡಿಕೊಂಡು ಹೋಗಿ, ಬೇಡವೆಂದು ಹೇಳಿ ಕಳಿಸಿದ್ದರು. ಹೇಳಿ ಕಳಿಸಿದ ಮಾತು ನಾಲ್ಕು ಬಾಯಿ ದಾಟಿ ನಮ್ಮ ಕಿವಿಗೆ ಬಿದ್ದದ್ದು ಹೀಗೆ: "ಎಣ್ಣೇನೋ ಲಕ್ಷಣವಾಗವ್ಳೆ. ಮನೆ ಮಾತ್ರ ಬೋಳು ಬೋಳು. ಗೋಡೆ ನೋಡುದ್ರೆ ನೆನ್ನೆ ಬಾಡ್ಗೆಗೆ ಬಂದು ನಾಳೀಕೆ ಓಯ್ತಾರೆ ಅನ್ನಂಗದೆ."

ತಂಗಿ ಎರಡು ದಿನ ಆ ಗೋಡೆಯನ್ನೇ ನೋಡುತ್ತ ಕೂತಿದ್ದಳು. ಈ ಸಲದ ಗಂಡೂ ಗೋಡೆ ನೋಡಿ ವಾಪಸು ಹೋದರೆ ಅವಳ ಮುಖವನ್ನು ನಾನು ಹೇಗೆ ನೋಡಲಿ ಎಂಬ ಚಿಂತೆ ನನಗೆ ಹತ್ತಿತು. ಅದೇ ಹೊತ್ತಿಗೆ ನಮ್ಮ ಸಾಹೇಬರ ಬಂಗಲೆಯಲ್ಲಿ ಗೋಡೆಯ ಮೇಲೆ ಮೊರ, ಎತ್ತಿನ ಗೆಜ್ಜೆ, ರಾಗಿ ಅಳೆಯುವ ಪಾವು ನೇತುಹಾಕಿದ್ದನ್ನು ಕಂಡೆ. "ಹಳೇದಕ್ಕೇ ಈಗ ಬೆಲೆ ಕಣ್ರೀ" ಎಂದರು ಸಾಹೇಬರು. ಹಳೆಯದು ನಮ್ಮಲ್ಲಿ ಬೇಕಾದಷ್ಟಿತ್ತು. ಹನೂರಿನ ಹತ್ತಿರದ ನಮ್ಮ ಊರಿನ ಮನೆಯ ಅಟ್ಟದಲ್ಲಿ ಅಜ್ಜಿ ಕಾಲದಿಂದ ಯಾರೂ ಕೈಯಾಡಿಸಿರಲಿಲ್ಲ.

ಮೂರು ಭಾನುವಾರ ಬಸ್ಸಿನಲ್ಲಿ ಓಡಾಡಿ ಒಂದೊಂದೇ ತಂದೆ. ಸೇರು, ಲಾಂದ್ರ, ಅಳಗುಳಿಮಣೆ, ಅಜ್ಜನ ಊರುಗೋಲು, ಯಾವ ಎತ್ತಿನದೋ ಕೊರಳ ಗಂಟೆ. ಹುಣಸೇಹಣ್ಣು ಹಾಕಿ ತಿಕ್ಕಿ ತಿಕ್ಕಿ ನನ್ನ ಬೆರಳುಗಳೇ ಹಿತ್ತಾಳೆ ಬಣ್ಣಕ್ಕೆ ತಿರುಗಿದವು. ಅವ್ವ ಸೊಂಟಕ್ಕೆ ಕೈಯಿಟ್ಟು ನೋಡಿದಳು.

"ನಾನು ಸೊಸೆಯಾಗಿ ಬಂದಾಗಿಂದ ಅಟ್ಟಕ್ಕೆ ಎಸ್ದುದ್ದನ್ನೆಲ್ಲ ಗೋಡೆಗೆ ಏರುಸ್ತಾ ಇದ್ದೀಯಲ್ಲ. ತಿಪ್ಪೆ ಒಂದು ಉಳ್ಕಂಡದೆ. ಅದ್ನೂ ತಕಂಬಂದು ನಡುಮನೇಲಿ ಸುರಿ."

ಕೊನೆಯ ಸಲ ತಂದದ್ದು ಅಜ್ಜಿಯ ಚಂದ್ರಿಕೆ. ರೇಷ್ಮೆ ಹುಳು ಹಣ್ಣಾದಾಗ ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟಿ ಅದು. ಆಳುದ್ದ, ನಾಲ್ಕಡಿ ಅಗಲ, ಮೇಲೆಲ್ಲ ಕೋಡುಬಳೆಯಂತೆ ಸುತ್ತಿ ಸುತ್ತಿ ಹೆಣೆದ ಬಿದಿರಿನ ಪಟ್ಟಿ. ಅದನ್ನು ಹನೂರಿನಲ್ಲಿ ಬಸ್ಸಿನ ಮೇಲಕ್ಕೇರಿಸುವಾಗ ಕಂಡಕ್ಟರು ಕೇಳಿದ.

"ಇದ್ರಲ್ಲಿ ಉಳ ಅವೇನ್ ಸಾ?"

"ಇಲ್ಲ."

"ಉಳ ಬುಡಾಕೆ ಓಯ್ತಿದ್ದೀರಾ?"

"ಇಲ್ಲಪ್ಪ. ಮನೇಲಿ ಚೆಂದಕ್ಕೆ ಇಡೋಕೆ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಟಿಕೀಟು ಹರಿಯುತ್ತ ಮೆತ್ತಗೆ ಹೇಳಿದ: "ದಾರೀಲಿ ಕಾಮಗೆರೆ ಆಸ್ಪತ್ರೆ ಸಿಕ್ತದೆ ಸಾ. ಬೇಕಾದ್ರೆ ನಿಲ್ಲಿಸ್ತೀನಿ."

ನಡುಮನೆಯ ಯಾವ ಗೋಡೆಯೂ ಅದಕ್ಕೆ ಸಾಲಲಿಲ್ಲ. ಹೊರಗೆ ಜಗಲಿಯ ಮೇಲೆ, ಬಾಗಿಲ ಪಕ್ಕಕ್ಕೆ ಒರಗಿಸಿ ನಿಲ್ಲಿಸಿದೆ. ಬೀದಿಯ ಆಚೆ ಬದಿಗೆ ಹೋಗಿ ನಿಂತು ನೋಡಿದೆ. ಬೋಳು ಅನ್ನುವ ಗಂಡು ಇನ್ನು ಹುಟ್ಟಿ ಬರಬೇಕು ಅನ್ನಿಸಿತು.

ಒಂದು ಮಾತನ್ನು ಇಲ್ಲಿ ಒಪ್ಪಿಕೊಂಡುಬಿಡಬೇಕು. ನಾನು ಹುಳುವಿನ ಮನೆಯಲ್ಲೇ ಬೆಳೆದವನು. ಹುಳು ಹಣ್ಣಾಗಿ ಚಂದ್ರಿಕೆ ಹೊರಬಂತೆಂದರೆ ಅಜ್ಜಿ ನಮ್ಮನ್ನೆಲ್ಲ ದನದ ಕೊಟ್ಟಿಗೆಗೆ ಓಡಿಸುತ್ತಿದ್ದಳು. ಹುಳುವಿಗೆ ನಡುಮನೆ, ಮೊಮ್ಮಕ್ಕಳಿಗೆ ಗೋಣಿಚೀಲ. ಒಗ್ಗರಣೆ ಇಲ್ಲ, ಬೀಡಿ ಇಲ್ಲ, ಹೊರಗಿನವರು ಹೊಸ್ತಿಲು ತುಳಿಯುವಂತಿಲ್ಲ, ಕಣ್ಣೆತ್ತಿ ನೋಡುವಂತೆಯೂ ಇಲ್ಲ, ದೃಷ್ಟಿಯಾಗುತ್ತದೆ. ಕಂದಾಯಕ್ಕೆ ಬಂದ ಶಾನುಭೋಗರನ್ನೂ ಅಜ್ಜಿ ಬೀದಿಯಲ್ಲೇ ನಿಲ್ಲಿಸಿದ್ದಳು. ಇದೆಲ್ಲ ನನಗೆ ಗೊತ್ತಿತ್ತು. ಆದರೂ ಇಪ್ಪತ್ತೆರಡು ಬಾಬತ್ತಿನಲ್ಲಿ ಚಂದ್ರಿಕೆಯ ಹೆಸರಿರಲಿಲ್ಲ. ಕಚೇರಿಯಲ್ಲಿ ಹತ್ತು ವರ್ಷ ಕೂತರೆ ತಲೆ ಹೀಗಾಗುತ್ತದೆ.

ಭಾನುವಾರ ಮೂರು ಗಂಟೆಗೆ ಸರಿಯಾಗಿ ಬಂದರು. ಗಂಡು, ಗಂಡಿನ ಅಪ್ಪ, ಅಪ್ಪನ ಅಕ್ಕ ಅಂದರೆ ಗಂಡಿನ ಸೋದರತ್ತೆ. ಒಳಗೆ ಗಡಿಯಾರ ಹನ್ನೊಂದು ಬಾರಿಸಿತು. ಅಂಗಳಕ್ಕೆ ಒಂದು ಹೆಜ್ಜೆ ಇಟ್ಟ ಗಂಡಿನ ಅಪ್ಪ ಹಾವು ಕಂಡವರಂತೆ ಹಿಂದಕ್ಕೆ ಹಾರಿದರು.

"ಏಯ್, ನಿಲ್ರಪ್ಪ! ಒಳೀಕ್ ಓಗ್ಬ್ಯಾಡಿ! ಚಂದ್ರಿಕೆ ನಿಲ್ಸವ್ರೆ, ಉಳ ಅಣ್ಣಾಗವೆ! ಅತ್ಲಾಗಿ ತಿರುಗ್ರಿ, ಕಣ್ಣಾಗ್ಬಾರ್ದು!"

ಮೂವರೂ ಒಟ್ಟಿಗೆ ನಮ್ಮ ಮನೆಗೆ ಬೆನ್ನು ತಿರುಗಿಸಿ ನಿಂತರು.

"ಅಯ್ಯೋ, ಅದು... ಅದು ಹಾಗಲ್ಲ, ಒಳಗೆ ಬನ್ನಿ" ಎಂದೆ ಆ ಬೆನ್ನುಗಳಿಗೆ.

"ನಮ್ಗೆ ಗೊತ್ತಿಲ್ವಾ ಸಾ? ನಮ್ದೂ ಅದೇ ಬದುಕು. ನೀವು ಉಪಚಾರಕ್ಕೆ ಕರೀತೀರಿ, ನಾವು ಬರಾದು ತರವಲ್ಲ." ಆಮೇಲೆ ಮಗನಿಗೆ, ಗುಟ್ಟಿನ ಮಾತೆಂಬಂತೆ, ಬೀದಿಗೆಲ್ಲ ಕೇಳುವ ಹಾಗೆ: "ನೋಡ್ಲಾ, ಪ್ಯಾಟೆ ಮನೆ, ಕಚೇರಿ ಸಂಬ್ಳ. ಆದ್ರೂವೆ ಉಳ ಸಾಕಾದ ಬುಟ್ಟಿಲ್ಲ. ದುಡ್ಯೋ ಮನೆ ಅಂದ್ರೆ ಇದು."

ಆಗಲೇ ನಿಜ ಹೇಳಬೇಕಿತ್ತು. ಆದರೆ ಹೇಗೆ ಹೇಳಲಿ? ಖಾಲಿ ಚಂದ್ರಿಕೆಯನ್ನು ಚೆಂದಕ್ಕೆ ನಿಲ್ಲಿಸಿದ್ದೇನೆ ಎಂದರೆ ಹುಡುಗಿಯ ಅಣ್ಣನಿಗೆ ಹುಚ್ಚು ಎಂದಾಗುತ್ತದೆ. ಹುಚ್ಚು ವಂಶದಲ್ಲಿ ಇಳಿಯುತ್ತದೆ ಎಂದು ಎಲ್ಲರೂ ನಂಬುವ ಕಾಲ. ಬೋಳು ಗೋಡೆಯನ್ನಾದರೂ ತುಂಬಿಸಬಹುದು, ಹುಚ್ಚನ್ನು ಯಾವ ಮೊಳೆಗೆ ತೂಗುಹಾಕಲಿ? ಬೆಂಚು ಕೇಳಲು ಎದುರು ಮನೆಗೆ ಹೋದೆ.

ಎದುರು ಮನೆಯ ಬೆಂಚನ್ನು ಹೊಂಗೆಮರದ ಕೆಳಗೆ ಹಾಕಿಸಿದ್ದಾಯಿತು. ಮೂವರೂ ಮನೆಗೆ ಬೆನ್ನು ಹಾಕಿ ಕೂತರು. ಮೂರು ವಾರ ತಿಕ್ಕಿದ ಹಿತ್ತಾಳೆಯೆಲ್ಲ ಅವರ ಬೆನ್ನ ಹಿಂದೆ, ಒಳಗೆ, ತನ್ನ ಪಾಡಿಗೆ ತಾನು ಹೊಳೆಯುತ್ತಿತ್ತು. ಅಷ್ಟರಲ್ಲಿ ಗಂಡಿನ ಅತ್ತೆಯ ಮೂಗು ಅರಳಿತು.

"ಅಯ್ಯೋ ನಮ್ಮವ್ವ, ಎಣ್ಣೆ ಮಡ್ಗವ್ರಲ್ಲಾ! ಒಲೆ ಆರ್ಸಿ ತಾಯಿ! ಗಾಟು ತಗುಲುದ್ರೆ ಒಂದ್ ಉಳಾನೂ ಗೂಡು ಕಟ್ಟಾಕಿಲ್ಲ!"

ಬಾಳೆಕಾಯಿ ಬಜ್ಜಿಗೆ ದೊಡ್ಡ ಪಾತ್ರೆಯ ತುಂಬ ಹಿಟ್ಟು ಕಲಸಿ ಎಣ್ಣೆ ಕಾಯಲೆಂದು ನಿಂತಿದ್ದ ಅವ್ವ, ಸೌಟು ಹಿಡಿದೇ ಹೊರಗೆ ಬಂದಳು.

"ಯಾವ ಉಳ್ಲಾ? ಎಲ್ಲವೆ ಉಳ?" ಎಂದು ನನ್ನ ಕಿವಿಯಲ್ಲಿ ಕೇಳಿದಳು.

"ಸುಮ್ನಿರವ್ವ, ಆಮೇಲೆ ಹೇಳ್ತೀನಿ. ಒಲೆ ಆರಿಸು."

"ಗೊತ್ತಾಯ್ತು ಬುಡು. ನಿನ್ ತಲೇಲವೆ" ಎಂದು ಒಳಗೆ ಹೋಗಿ ಒಲೆಗೆ ನೀರು ಚಿಮುಕಿಸಿದಳು.

ಅತ್ತೆಯದು ಇನ್ನೂ ಮುಗಿದಿರಲಿಲ್ಲ. "ಉಳ ಯಾವತ್ತು ಬುಟ್ರಿ ಚಂದ್ರಿಕೆಗೆ?"

"ನೆನ್ನೆ ಸಂಜೆ."

"ಗೂಡು ಯಾವತ್ತು ಬುಡುಸ್ತೀರಿ?"

"ನಾಳೆ."

"ನಾಳೀಕಾ? ಕಟ್ಟಾಕೇ ಮೂರ್ನಾಕು ದಿನ ಬ್ಯಾಡ್ವಾ?"

"ನಮ್ಮ ಹುಳ ಸ್ವಲ್ಪ ಚುರುಕು" ಎಂದೆ.

ಆ ಹೊತ್ತಿಗೆ ತಂಗಿ ಕಾಫಿ ತಂದಳು. ಬೀದಿಯ ಅರ್ಧ ಜನ ಕಿಟಕಿ ಬಾಗಿಲುಗಳಲ್ಲಿದ್ದರು. ಹಿಂದಿನಿಂದ ಬರುತ್ತಿದ್ದವಳನ್ನು ನೋಡಲು ಗಂಡು ಕತ್ತು ತಿರುಗಿಸಿದ. "ತಿರುಗ್ಬ್ಯಾಡ ಕಣ್ಲಾ, ಕಣ್ಣಾಯ್ತದೆ!" ಎಂದು ಅಪ್ಪ ಗದರಿದರು. ಹೆಣ್ಣು ನೋಡಲು ಬಂದವನು ಹೊಂಗೆಮರ ನೋಡುತ್ತ ಕೂತ. ಅವಳೇ ಬೆಂಚು ಬಳಸಿ ಮುಂದಕ್ಕೆ ಬಂದು ಕಾಫಿ ಕೊಟ್ಟಳು.

ಅತ್ತೆ ಅವಳ ಕೈ ಹಿಡಿದು ಕೇಳಿದರು. "ಇಪ್ನೇರಳೆ ಸೊಪ್ಪು ಕುಯ್ಯೋರ್ಯಾರವ್ವ, ನೀನಾ?"

ತಂಗಿ ನನ್ನ ಕಡೆ ನೋಡಿದಳು. ನಾನು ಕಣ್ಣಿನಲ್ಲೇ ಹೂಂ ಅನ್ನು ಎಂದೆ, ಹುಬ್ಬಿನಲ್ಲಿ ಬೇಡಿಕೊಂಡೆ. ಅವಳು ಅತ್ತೆಯ ಕಡೆ ತಿರುಗಿದಳು.

"ಸೊಪ್ಪೂ ಇಲ್ಲ, ಉಳಾನೂ ಇಲ್ಲ ಕಣತ್ತೆ. ಅದು ನಮ್ಮಜ್ಜಿದು. ಮನೆ ಚೆಂದ ಕಾಣ್ಲಿ ಅಂತ ನಮ್ಮಣ್ಣ ಅನೂರಿಂದ ತಂದು ಮಡ್ಗವ್ನೆ. ಉಳ ಇದ್ದಿದ್ರೆ ನಾನು ಇಂಗೆ ಊ ಮುಡ್ಕಂಡು ನಿಂತ್ಕತಿದ್ನಾ? ನೀವು ಬಂದಿದ್ದೂ ಗೊತ್ತಾಯ್ತಿರ್ನಿಲ್ಲ."

ಗಂಡು ಆಗಷ್ಟೇ ಗುಟುಕರಿಸಿದ್ದ ಕಾಫಿ ಮೂಗಿನಿಂದ ಹೊರಟು ಬಿಳಿ ಅಂಗಿಯ ಮೇಲೆ ಇಳಿಯಿತು. ನಗುತ್ತಿದ್ದಾನೋ ಸಾಯುತ್ತಿದ್ದಾನೋ ತಿಳಿಯದೆ ನಾನು ಅವನ ಬೆನ್ನಿಗೆ ಗುದ್ದಿದೆ. ನಗುತ್ತಿದ್ದ.

"ಚೆಂದಕ್ಕಾ?" ಎಂದರು ಅವನ ಅಪ್ಪ. "ಚಂದ್ರಿಕೇನಾ? ನಮ್ಮಟ್ಟೀಲಿ ನಲವತ್ತವೆ ಕಣ್ಲಾ! ಅಂಗಾದ್ರೆ ನಂದು ಅರಮನೆ!"

ಅತ್ತೆ ನಗಲಿಲ್ಲ. ಎದ್ದು, ಜಗಲಿ ಹತ್ತಿ, ಚಂದ್ರಿಕೆಯ ಮೇಲೆ ಕೈಯಾಡಿಸಿದರು. ಇಂಥ ಹೆಣಿಗೆ ಈಗ ಎಲ್ಲಿದೆ ಎಂದರು. ಮೂಲೆಯ ಸುತ್ತಿನಲ್ಲಿ ಧೂಳು ಹಿಡಿದ ಒಂದೇ ಒಂದು ಗೂಡು ಅವರ ಬೆರಳಿಗೆ ಸಿಕ್ಕಿತು. "ಇದ್ಯಾಕೆ ಬುಟ್ಟವ್ರೆ?"

ಅಜ್ಜಿ ಪ್ರತಿ ಬೆಳೆಗೂ ಒಂದು ಗೂಡು ಬಿಡುತ್ತಿದ್ದಳು. 'ಇಷ್ಟು ಜನಕ್ಕೆ ಜಾಗ ಕೊಟ್ಟದೆ, ಅದ್ರ ಪಾಲು ಅದಕ್ಕಿರ್ಲಿ' ಎನ್ನುತ್ತಿದ್ದಳು. ಇದು ಅವಳ ಕೊನೆಯ ಬೆಳೆಯದು. ಇದನ್ನೆಲ್ಲ ಅತ್ತೆಗೆ ಹೇಳಿದೆ. ಅತ್ತೆ ಗೂಡನ್ನು ಇದ್ದಲ್ಲೇ ಸಿಕ್ಕಿಸಿ, "ನಡೀರಿ, ಒಳಗಿನ ಚೆಂದಾನೂ ನೋಡನ" ಎಂದು ಹೊಸ್ತಿಲಿಗೆ ಕಾಲೆತ್ತಿದರು.

ಆಗ ಗಡಿಯಾರ ಠಣ್ ಎಂದು ಅರ್ಧ ಗಂಟೆಯ ಒಂದೇ ಪೆಟ್ಟು ಬಾರಿಸಿತು.

ಜೀವಮಾನದಲ್ಲಿ ಅದು ಸರಿಯಾಗಿ ಬಾರಿಸಿದ್ದು ಅದೊಂದೇ ಸಲ. ಗಂಡಿನ ಅಪ್ಪ ಕೈಗಡಿಯಾರ ನೋಡಿಕೊಂಡರು. ನಾಲ್ಕೂವರೆ.

"ಅಕ್ಕಾ, ರಾಹುಕಾಲ! ಒಸ್ಲು ದಾಟ್ಬ್ಯಾಡ!"

ಎತ್ತಿದ ಕಾಲು ಹಾಗೇ ಹಿಂದಕ್ಕೆ ಬಂತು. ರಾಹುಕಾಲದಲ್ಲಿ ಒಪ್ಪಿಗೆಯ ಮಾತೂ ಆಡುವಂತಿಲ್ಲ. ಹೊರಡುವಾಗ ಅತ್ತೆ ನನಗೆ ಇಷ್ಟೇ ಹೇಳಿದರು: "ಆ ಚಂದ್ರಿಕೆಯ ಯಾರ್ಗೂ ಕೊಡ್ಬ್ಯಾಡಿ. ಬಿಸ್ಲಲ್ಲೂ ಮಡಗ್ಬ್ಯಾಡಿ."

ಅವ್ವನಿಗೆ ಅರ್ಥ ಅಲ್ಲೇ ಆಯಿತು, ತಂಗಿಗೆ ಅದಕ್ಕೂ ಮೊದಲೇ ಆಗಿತ್ತು. ನಾನು ಆ ಮಾತಿಗೆ ಇರಬಹುದಾದ ಒಂಬತ್ತು ಅರ್ಥಗಳನ್ನು ಬರೆದುಕೊಂಡು ಎಂಟು ದಿನ ನಿದ್ದೆಗೆಟ್ಟೆ. ಒಂಬತ್ತನೆಯ ದಿನ ಯಳಂದೂರಿನಿಂದ ಕಾಗದ ಬಂತು. ಹೆಣ್ಣು ಒಪ್ಪಿಗೆ, ಚಂದ್ರಿಕೆ ಸಮೇತ.

ಅದೀಗ ಅಲ್ಲಿ ನಲವತ್ತೊಂದನೆಯದಾಗಿ ದುಡಿಯುತ್ತಿದೆ. ಮೂಲೆಯ ಗೂಡನ್ನು ತಂಗಿ ತೆಗೆದಿಲ್ಲ. ಹುಳು ಹಣ್ಣಾದ ಸಮಯದಲ್ಲಿ ನಾನು ಹೋದರೆ ನನ್ನನ್ನೂ ಬೀದಿಯಲ್ಲಿ ಕೂರಿಸಿ, ಅತ್ತ ತಿರುಗು ಅನ್ನುತ್ತಾಳೆ. ನಮ್ಮ ನಡುಮನೆಯ ಹದಿನೇಳು ಮೊಳೆಗಳೂ ಗಟ್ಟಿಯಾಗಿವೆ. ಅವಳ ಮಕ್ಕಳು ಬಂದಾಗ ಎತ್ತಿನ ಗಂಟೆ ಬಡಿದು ನನ್ನ ಎದೆ ಬಡಿತ ಹೆಚ್ಚಿಸುತ್ತವೆ.

ಪಟ್ಟಿಯನ್ನು ಆ ಸಂಜೆಯೇ ತೆಗೆದು ನೋಡಿದ್ದೆ. ಗಡಿಯಾರದ್ದೊಂದು ಬಿಟ್ಟರೆ ಯಾವ ಬಾಬತ್ತೂ ಆಗಿರಲಿಲ್ಲ. ಗಡಿಯಾರದಿಂದ ಯಾರಿಗೂ ನಷ್ಟವೂ ಆಗಿರಲಿಲ್ಲ. ನಿಜವಾಗಿ ಕೆಟ್ಟದ್ದು ಪಟ್ಟಿಯಲ್ಲೇ ಇರಲಿಲ್ಲ. "ಬಂದೋರು ತಿನ್ನದ ಬಜ್ಜಿ ನಮ್ಗ್ಯಾಕೆ" ಎಂದು ಅವ್ವ ಮತ್ತೆ ಒಲೆ ಹಚ್ಚಲಿಲ್ಲ, ಕಲಸಿದ ಹಿಟ್ಟು ಚೆಲ್ಲಲು ಮನಸ್ಸೂ ಬರಲಿಲ್ಲ, ಅದಕ್ಕೆ ತಟ್ಟೆ ಮುಚ್ಚಿ ಮೂಲೆಗಿಟ್ಟಳು. ಭಾವಮೈದುನ ಈಗಲೂ ಮನೆಗೆ ಬಂದವನೇ ಹಿತ್ತಾಳೆ ಸೇರಿನ ಕೆಳಗೇ ಕೂತು, "ಬಾವ, ಆವತ್ತಿನ ಬಜ್ಜಿ ಬಾಕಿ ಅದೆ" ಎನ್ನುತ್ತಾನೆ. ಅವರು ಬಂದುಹೋದ ಮಾರನೆಯ ಬೆಳಗ್ಗೆ ನಾನು ಅಡುಗೆಮನೆಗೆ ಹೋದಾಗ ಹಿಟ್ಟು ಹುಳಿ ಬಂದು, ಉಬ್ಬಿ, ಮುಚ್ಚಿದ ತಟ್ಟೆಯನ್ನು ಒಂದು ಬದಿಗೆ ಎತ್ತಿಕೊಂಡು ಕೂತಿತ್ತು.