ಅವ್ವನ ಹಕಾರ

ಮೊನ್ನೆ ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಪಕ್ಕದಲ್ಲಿ ತರಕಾರಿ ಚೀಲ ಹಿಡಿದು ನಿಂತಿದ್ದೆ. ಬುಟ್ಟಿ ಮುಂದಿಟ್ಟುಕೊಂಡ ಹೆಂಗಸೊಬ್ಬಳು "ಊವು, ಊವು, ಕಾಕಡಾ ಊವು" ಎಂದು ಕೂಗುತ್ತಿದ್ದಳು. ನನಗೆ ತಟ್ಟನೆ ಸ್ಪ್ಯಾನಿಷ್ ನೆನಪಾಯಿತು. ನಗಬೇಡಿ. ಹೂವು ಕಂಡರೆ ನಿಮಗೆ ದೇವರೋ ಹೆಂಡತಿಯೋ ನೆನಪಾಗಬಹುದು. ನಾನು ಸ್ಪ್ಯಾನಿಷಿನಲ್ಲಿ ಡಿಗ್ರಿ ಮಾಡಿದವನು, ನನ್ನ ಕರ್ಮ ಬೇರೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಕತ್ರಿಗುಪ್ಪೆ ಆಗಿನ್ನೂ ಹಳ್ಳಿ. ನಮ್ಮ ಮನೆಯ ಹಿಂದೆ ಸೊಪ್ಪಿನ ಮಡಿ, ಮುಂದೆ ಕಟ್ಟಿಹಾಕಿದ ಒಂದು ಗೂಳಿ. ಪಿಯುಸಿಯಲ್ಲಿ ನನಗೆ ಬಂದ ಅಂಕಗಳಿಗೆ ಕಾಲೇಜಿನ ಎಲ್ಲ ಬಾಗಿಲೂ ಮುಚ್ಚಿದ್ದವು, ಸ್ಪ್ಯಾನಿಷ್ ತರಗತಿಯಲ್ಲಿ ಮಾತ್ರ ಬೆಂಚು ಖಾಲಿ ಇತ್ತು.

"ಅದ್ಯಾವ ದೇಶದ್ ಭಾಷೆ?" ಎಂದು ಅಪ್ಪ ಕೇಳಿದ.

"ಇಪ್ಪತ್ತು ದೇಶದಲ್ಲಿ ಮಾತಾಡ್ತಾರೆ."

"ಅದ್ರಲ್ಲಿ ಒಂದಾದ್ರೂ ಬನಶಂಕರಿ ಅತ್ರ ಐತಾ?"

ಮೂರು ವರ್ಷ ಏನು ಕಲಿತೆ ಎಂದರೆ, ಗೂಳಿ ಕಾಳಗದ ಬಗ್ಗೆಯೇ ಐದು ಪಾಠವಿತ್ತು. ಮನೆಯ ಗೂಳಿಗೆ ಮೇವು ಹಾಕುವುದು ಬಿಟ್ಟು ನಾನು ಅದನ್ನು ಬಾಯಿಪಾಠ ಮಾಡುತ್ತಿದ್ದೆ. ಮಧ್ಯಾಹ್ನ ಉಂಡು ಮಲಗುವುದೂ ಒಂದು ಸಂಸ್ಕೃತಿ ಎಂದು ಹತ್ತು ಅಂಕಕ್ಕೆ ಬರೆಯಬೇಕಿತ್ತು; ನಮ್ಮ ತಾತ ಜೀವಮಾನವಿಡೀ ಅದನ್ನು ಅಂಕವಿಲ್ಲದೆ ಮಾಡಿಕೊಂಡು ಬಂದಿದ್ದ. ಕೆಲವು ಪದಗಳಲ್ಲಿ ಸ್ಪೇನಿನವರು ನಾಲಗೆ ಕಚ್ಚಿ 'ಥ' ಎನ್ನುತ್ತಾರಂತೆ, ಸಮುದ್ರದಾಚೆಯ ದೇಶಗಳವರು ಸುಮ್ಮನೆ 'ಸ' ಎನ್ನುತ್ತಾರಂತೆ. ಕಚ್ಚಬೇಕೋ ಬೇಡವೋ ಎಂದು ನಾವು ತರಗತಿಯ ಹನ್ನೊಂದು ಜನ ಎರಡು ಪಕ್ಷವಾಗಿ, ಒಂದು ಟರ್ಮ್ ಪೂರ್ತಿ ಪರಸ್ಪರ ಮಾತು ಬಿಟ್ಟೆವು. ಎರಡೂ ಪಕ್ಷದಲ್ಲಿ ಮದರಾಸು ದಾಟಿದವರು ಯಾರೂ ಇರಲಿಲ್ಲ. ನಮ್ಮ ಮೇಷ್ಟ್ರೂ ಸ್ಪೇನ್ ಕಂಡವರಲ್ಲ.

ಆದರೆ ಹಕಾರದ ವಿಷಯದಲ್ಲಿ ಮೇಷ್ಟ್ರು ಬಹಳ ಕಟ್ಟುನಿಟ್ಟು. "ಎಚ್ ಬರೀಬೇಕು, ಬಾಯಲ್ಲಿ ಅನ್ನಬಾರದು. ನಮಸ್ಕಾರಕ್ಕೆ 'ಹೋಲಾ' ಅಲ್ಲ, 'ಓಲಾ'. ಜೆ ಇದ್ದ ಕಡೆ ಹ ಅನ್ನಿ." ಅಂದು ಸಂಜೆ ನಾವೆಲ್ಲ ಬಸ್ಸಿನಲ್ಲಿ "ಹಯನಗರ ಒಂದು ಕೊಡಿ" ಎಂದು ಟಿಕೆಟ್ ಕೇಳಿ ಕಂಡಕ್ಟರನಿಂದ ಬೈಸಿಕೊಂಡೆವು.

ಇಲ್ಲಿ ನಿಮಗೊಂದು ವಿಷಯ ಹೇಳಲೇಬೇಕು. ನಮ್ಮ ಮನೆಯಲ್ಲಿ ಯಾರಿಗೂ ಹ ಬರುತ್ತಿರಲಿಲ್ಲ. ಆಲು, ಅಣ್ಣು, ಊವು. ಜಯನಗರದ ಹೈಸ್ಕೂಲಿನಲ್ಲಿ ಬೆತ್ತದ ಏಟು ತಿಂದು ನಾನು ಹ ಕಲಿತಿದ್ದೆ. ಕಾಲೇಜು ಸೇರಿದ ಹೊಸತರಲ್ಲಿ ಗೆಳೆಯನೊಬ್ಬ ಮನೆಗೆ ಬಂದಾಗ ಅವ್ವ "ಅಸ್ಕೊಂಡಿರ್ಬೇಕು ಮಗ, ಆಲು ಕುಡೀತೀಯಾ?" ಎಂದಳು. ಅವನು ಮುಖ ತಿರುಗಿಸಿಕೊಂಡು ನಕ್ಕ. ಅವನು ಹೋದ ಮೇಲೆ ನಾನು ಅವ್ವನಿಗೆ, "ಹ ಅನ್ನಕ್ ಬರಲ್ಲ ಅಂದ್ರೆ ನನ್ ಸ್ನೇಹಿತರ ಮುಂದೆ ಬಾಯಿ ಬಿಡಬೇಡ" ಎಂದೆ. ಅವ್ವ ಅಂದಿನಿಂದ ಯಾರು ಬಂದರೂ ಲೋಟ ಇಟ್ಟು, ನಕ್ಕು, ಒಳಗೆ ಹೋಗಿಬಿಡುತ್ತಿದ್ದಳು.

ತಮಾಷೆ ನೋಡಿ, ಕಷ್ಟಪಟ್ಟು ಅಂಟಿಸಿಕೊಂಡ ಆ ಹ ಈಗ ಬಿಡಲೊಲ್ಲದು. ಸಹೋದರನಿಗೆ 'ಎರ್ಮಾನೊ' ಎನ್ನಬೇಕು, ನನ್ನ ಬಾಯಲ್ಲಿ 'ಹೆರ್ಮಾನೊ'. ಹಸಿವಿಗೆ 'ಆಂಬ್ರೆ', ನನ್ನದು 'ಹಾಂಬ್ರೆ'. ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದರೆ ಒಳಗೆ ಅವಳಷ್ಟಕ್ಕೆ ಅವ್ವ "ಎರ್ಮಾನೊ, ಆಂಬ್ರೆ" ಎಂದು ಗುನುಗುತ್ತಿದ್ದಳು. ಒಂದಕ್ಷರ ತಪ್ಪಿಲ್ಲ. ಫೀಸು ಕಟ್ಟಿದವನು ನಾನು, ಉಚ್ಚಾರ ಬಂದದ್ದು ಅವಳಿಗೆ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೊನೆಯ ವರ್ಷ ಮೇಷ್ಟ್ರು ಕತ್ರಿಗುಪ್ಪೆಯಲ್ಲಿ ಸೈಟ್ ನೋಡಲು ಬಂದವರು, ಮೊದಲೇ ಹೇಳಿದ್ದಂತೆ ನಮ್ಮ ಮನೆಗೂ ಬಂದರು. ಅವ್ವ ಉಪ್ಪಿಟ್ಟು ತಂದಿಟ್ಟಳು. ಒಳಗೆ ಹೋಗುತ್ತಾಳೆ ಅಂದುಕೊಂಡೆ, ಹೋಗಲಿಲ್ಲ. ಸೆರಗು ಸರಿ ಮಾಡಿಕೊಂಡು, ಉಸಿರು ಕಟ್ಟಿ, "ಹುಪ್ಪಿಟ್ಟು ತಗೊಳ್ಳಿ ಸಾರ್. ಹಿನ್ನೊಂಚೂರು ಹಾಕ್ಲಾ?" ಎಂದಳು. ಹಿಂದಿನ ದಿನವೆಲ್ಲ ಒಲೆ ಮುಂದೆ ಗೊಣಗಿಕೊಳ್ಳುತ್ತಿದ್ದದ್ದು ಇದನ್ನೇ ಎಂದು ಆಗ ಹೊಳೆಯಿತು. ಎಲ್ಲಿ ಬೇಕೋ ಎಲ್ಲಿ ಬೇಡವೋ ತಿಳಿಯದೆ, ಮಗನ ಮಾನ ಉಳಿಯಲೆಂದು ಸಿಕ್ಕಸಿಕ್ಕಲ್ಲೆಲ್ಲ ಹ ಹಚ್ಚಿದ್ದಳು. ನಾಚಿಕೆಯಿಂದ ನಾನು ತಲೆ ಎತ್ತಲಿಲ್ಲ. ಅವಳ ಬಗ್ಗೆ ಅಲ್ಲ, ಮೊದಲ ಸಲ ನನ್ನ ಬಗ್ಗೆ.

ಮೇಷ್ಟ್ರು ಎರಡನೆಯ ಸಲ ಹಾಕಿಸಿಕೊಂಡು ತಿಂದರು. ಗೇಟಿನ ಹತ್ತಿರ ಬಂದಾಗ ತಗ್ಗಿದ ದನಿಯಲ್ಲಿ ಕೇಳಿದರು: "ನಿಮ್ಮ ತಾಯಿನ ಯಾರಯ್ಯ ಹಿಂಗೆ ಹೆದರಿಸಿರೋರು?"

"ಗೊತ್ತಿಲ್ಲ ಸಾರ್" ಎಂದೆ.

ಮೌಖಿಕ ಪರೀಕ್ಷೆಯಲ್ಲಿ, ಮಗ ಹಸಿದಿದ್ದಾನೆ ಎಂದು ಹೇಳಲು ಪರೀಕ್ಷಕರು ಕೇಳಿದರು. ಅವ್ವ ಒಳಗಿನಿಂದ ಹೇಳಿಕೊಟ್ಟಂತೆ 'ಆಂಬ್ರೆ' ಬಂತು, ಹ ಬರಲಿಲ್ಲ. ಪಾಸಾದೆ. ಕ್ಷಮೆ ಕೇಳಲು ಆ ಭಾಷೆಯಲ್ಲಿ ಇರುವ ನಾಲ್ಕು ಬಗೆಗೂ ಪೂರ್ತಿ ಅಂಕ ಬಿತ್ತು. ಮನೆಗೆ ಹೋಗಿ ಕನ್ನಡದ ಒಂದನ್ನೂ ಅವ್ವನಿಗೆ ಹೇಳಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡೇ ಕಾಲ ಕಳೆಯಿತು. ಅವಳು ಕೊನೆಯವರೆಗೂ ಬಂದವರ ಮುಂದೆ ನಗುತ್ತಲೇ ಇದ್ದಳು.

ಇಷ್ಟೆಲ್ಲ ನೆನಪಾದ ಮೇಲೆ ಬುಟ್ಟಿಯ ಹತ್ತಿರ ಹೋಗಿ, "ಎರಡು ಮೊಳ ಊವು ಕೊಡಮ್ಮ" ಎಂದೆ.

ಅವಳ ಕೈ ನಿಂತಿತು. ನನ್ನ ಕನ್ನಡಕ, ಇಸ್ತ್ರಿ ಅಂಗಿ ನೋಡಿದಳು. "ಹೂವು ಸಾರ್" ಎಂದಳು, ಹಕಾರವನ್ನು ಒತ್ತಿ. "ಬಡವರ್ನ ಆಡ್ಕೋಬೇಡಿ."

"ಆಡ್ಕೊಂಡಿಲ್ಲಮ್ಮ. ನಮ್ಮವ್ವ ಅಂಗೇ ಅಂತಿದ್ಲು."

"ಯಾವೂರು?"

"ಇಲ್ಲೇ, ಕತ್ರಿಗುಪ್ಪೆ."

ಅವಳ ಮುಖ ಸಡಿಲವಾಯಿತು. ಮೊಳಕೈಗೆ ಹಿಡಿದು ಎರಡು ಮೊಳ ಅಳೆದಳು, ದಾರ ಕಡಿಯದೆ ನನ್ನ ಕಡೆ ನೋಡಿದಳು. "ಅವ್ವನ ಪಟಕ್ಕೂ ಒಂದ್ ಮೊಳ ಆಕ್ಲಾ?"

ಪಟ ಎಂದು ಅವಳಿಗೆ ಹೇಗೆ ಗೊತ್ತಾಯಿತೋ. ಹಾಕು ಎನ್ನಲು ಬಾಯಿ ತೆರೆದೆ.

"ಆಕು" ಎಂದೆ.